ಹೆಡ್‌ಮಾಸ್ತರರ ಕೆಳಗೊಂದು ಸಹಿ

ತೆರಿಗೆ ಉಳಿಸಲು ಹೊರಟವನಿಗೆ ಫೆಬ್ರುವರಿ ಬರುವಷ್ಟರಲ್ಲಿ ಏನಾದರೊಂದು ಆಗದೆ ಇರುವುದಿಲ್ಲ. ಭಾಲ್ಕಿಯಲ್ಲಿ ಮೂವತ್ತು ವರ್ಷದಿಂದ ಗಣಿತ ಕಲಿಸುತ್ತಿರುವ ನನಗಂತೂ ವರ್ಷವೂ ಆಗುತ್ತದೆ. ಈ ಸಲದ್ದನ್ನು ಮಾತ್ರ ಇನ್ನೂ ಮರೆಯಲಾಗಿಲ್ಲ.

೧. ಎರಡು ಹಾಳೆ

ನಮ್ಮ ಶಾಲೆಯಲ್ಲೊಂದು ಪದ್ಧತಿ. ಹೆಡ್‌ಮಾಸ್ತರರು ಸಹಿ ಮಾಡಿದ ಕಾಗದವನ್ನು ಉಳಿದವರು ಓದುವುದಿಲ್ಲ, ಕೆಳಗೆ ಸಹಿ ಮಾಡುತ್ತೇವೆ ಅಷ್ಟೇ. ಜೂನ್‌ನಲ್ಲಿ ಕ್ಲರ್ಕ್ ಎರಡು ಹಾಳೆ ತಂದರು.

"ಏನ್ರಿ ಇವು?"

"ಒಂದು ಬೀಳ್ಕೊಡುಗಿ ವಂತಿಗಿರಿ, ಇನ್ನೊಂದು ಸರ್ಕಾರಿ ಕಾಗದ."

ಎರಡಕ್ಕೂ ಸಹಿ ಹಾಕಿದೆ. ವಂತಿಗೆ ನೂರು ರೂಪಾಯಿ ಜಾಸ್ತಿಯಾಯಿತೆಂದು ಎರಡು ದಿನ ಗೊಣಗಿದೆ. ಸರ್ಕಾರಿ ಕಾಗದ ಪುಕ್ಕಟೆ, ಅದರ ಚಿಂತೆ ಮಾಡಲಿಲ್ಲ.

೨. ಅರ್ಧ ತಾಸಿನ ಸಲಹೆ

ಜನವರಿಯಲ್ಲಿ ಸಂಬಳದ ಹಿಂಬಾಕಿ ಒಂದೂವರೆ ಲಕ್ಷ ಬಂತು. ಅಂದಿನಿಂದ ನಿದ್ದೆ ಹೋಯಿತು. ಬೀದರಿನ ಚಿದ್ರಿಯಲ್ಲಿ ಕಟ್ಟಿಸಿದ ಮನೆಯ ಸಾಲ ಇನ್ನೂ ತೀರಿಲ್ಲ, ನನ್ನ ನಿವೃತ್ತಿಗೆ ನಾಲ್ಕೇ ವರ್ಷ.

"ಸಾಲಕ್ಕ ಕಟ್ಟಿಬಿಡ್ರಿ. ಮುಂದ ಪಿಂಚಣಿದಾಗ ಕಂತು ಹ್ಯಾಂಗ ಕಟ್ತೀರಿ?" ಅಂದಳು ಹೆಂಡತಿ.

"ಫೆಬ್ರುವರಿ ಪಗಾರ ಪೂರಾ ತೆರಿಗಿಗಿ ಹೋದ್ರ ಏನು ತಿನ್ನೂದು?" ಅಂದೆ. ನಮ್ಮಲ್ಲಿ ವರ್ಷದ ತೆರಿಗೆಯನ್ನು ಫೆಬ್ರುವರಿಯಲ್ಲಿ ಒಮ್ಮೆಲೇ ಹಿಡಿಯುವ ರೂಢಿ. ಆ ತಿಂಗಳ ಹೆದರಿಕೆ ನನಗೆ ಸಾಲದ ಹೆದರಿಕೆಗಿಂತ ದೊಡ್ಡದು.

ಔರಾದಿನಲ್ಲಿ ಬಟ್ಟೆ ಅಂಗಡಿ ಇಟ್ಟ ನನ್ನ ಭಾವಮೈದುನನಿಗೆ ಫೋನ್ ಮಾಡಿದೆ. ಅರ್ಧ ತಾಸು ಸಮಾಧಾನದಿಂದ ಕೇಳಿ ಅವನೆಂದ:

"ಭಾವಾರ, ಸಾಲ ಕಟ್ಟಿದ್ರ ತೆರಿಗಿ ಫಿಕರ್. ತೆರಿಗಿ ಉಳಿಸಿದ್ರ ಸಾಲದ ಫಿಕರ್. ಆ ರೊಕ್ಕ ನನಗ ಕೊಡ್ರಿ, ಎರಡೂ ಫಿಕರ್ ಬಿಡ್ರಿ."

೩. ಒಂದೇ ದಾರಿ

ಕಡೆಗೆ ತೆರಿಗೆ ಉಳಿಸುವ ಐದು ವರ್ಷದ ಠೇವಣಿಗೇ ಮನಸ್ಸು ಮಾಡಿದೆ. ಬ್ಯಾಂಕಿನವರು ಮೊದಲೇ ಎಚ್ಚರಿಸಿದರು.

"ಐದು ವರ್ಷ ಮುರಿಯಾಕ ಬರಲ್ಲರಿ ಸರ್. ಇದರ ಮ್ಯಾಲ ಸಾಲಾನೂ ಸಿಗಲ್ಲ."

"ನಡುವ ಬೇಕೇ ಆದ್ರ?"

"ನೀವು ತೀರಿಕೊಂಡ್ರ ನಿಮ್ಮ ಮನಿಯವರಿಗಿ ಸಿಗ್ತದ ನೋಡ್ರಿ."

ಸಹಿ ಮಾಡಿದೆ. ಸಾಲ ತೀರಿಸುವ ಆತುರದಲ್ಲಿದ್ದ ಹೆಂಡತಿಗೆ ಆ ಕೊನೆಯ ಸೌಲಭ್ಯವನ್ನು ಮಾತ್ರ ತಿಳಿಸಲಿಲ್ಲ.

೪. ಸೊನ್ನೆ

ಫೆಬ್ರುವರಿಯಲ್ಲಿ ಠೇವಣಿಯ ಜೆರಾಕ್ಸ್ ಹಿಡಿದು ಕ್ಲರ್ಕ್ ಮುಂದೆ ನಿಂತೆ.

"ಇದ್ಯಾಕರಿ ಸರ್? ಜೂನ್‌ದಾಗ ಎಲ್ಲಾರೂ ಹೊಸ ತೆರಿಗಿ ಪದ್ಧತಿ ಬೇಕಂತ ಸಹಿ ಮಾಡೀರಿ. ಅದರಾಗ ಠೇವಣಿ ಲೆಕ್ಕಕ್ಕ ಬರಲ್ಲ."

"ಹಂಗಾದ್ರ ನನ್ನ ತೆರಿಗಿ ಎಷ್ಟು?"

"ಹಿಂಬಾಕಿ ಸೇರಿಸಿದ್ರೂ ನಿಮ್ಮ ಪಗಾರಕ್ಕ ಸೊನ್ನಿರಿ."

ತೆರಿಗೆ ಇಲ್ಲವೆಂದು ತಿಳಿದು ಅಳು ಬಂದದ್ದು ಇಡೀ ಜಿಲ್ಲೆಯಲ್ಲಿ ನನಗೊಬ್ಬನಿಗೇ ಇರಬೇಕು. ಸಾಲ ಇದ್ದಲ್ಲೇ ಇತ್ತು, ರೊಕ್ಕ ಮಾತ್ರ ಐದು ವರ್ಷ ಕೈಗೆ ಸಿಗದ ಕಡೆ ಹೋಗಿ ಕೂತಿತ್ತು.

ಬೀದರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಅದರಿಂದಲೇ ಇನ್ನಷ್ಟು ಹೆದರಿಕೆಯಾಯಿತು.

"ಹೆಡ್‌ಮಾಸ್ತರರಿಗೂ ಹಿಂಬಾಕಿ ಬಂದಿತ್ತಲ್ಲರಿ? ಅವರೇನು ಮಾಡಿದ್ರು?"

"ಮನಿ ಸಾಲಕ್ಕ ಕಟ್ಟಿದ್ರು."

ಅವಳು ಚಹಾದ ಕಪ್ಪು ನನ್ನ ಮುಂದಿಟ್ಟಳು.

"ಮೂವತ್ತು ವರ್ಷ ಹೆಡ್‌ಮಾಸ್ತರರು ಮಾಡಿದ್ದಕ್ಕೆಲ್ಲಾ ಕಣ್ಣು ಮುಚ್ಚಿ ಸಹಿ ಹಾಕೀರಿ. ಇದೊಂದಕ್ಕ ಸ್ವಂತ ಬುದ್ಧಿ ಯಾಕ ಓಡಿಸಾಕ ಹೋದ್ರಿ?"