ಶಾಕಪ್ಪಿಗೆ ಏನ್ ಹಚ್ಚೀರಿ?

ವಿಜಯಪುರದಲ್ಲಿ ಗೇರ್ ಸೈಕಲ್ ರಿಪೇರಿ ಅಂಗಡಿ ಇಟ್ಟವನಿಗೆ ಸಿಟ್ಟು ಬರಲು ಬೇರೆ ಕಾರಣ ಬೇಡ, ಬೆಳಿಗ್ಗೆ ಶಟರ್ ಎತ್ತಿದರೆ ಸಾಕು. ಸೈಕಲ್ಲಿನ ಮುಂದಿನ ಶಾಕಪ್ಪಿನಲ್ಲಿ ಒಂದು ಕೊಳವೆ ಇನ್ನೊಂದರೊಳಗೆ ನುಣ್ಣಗೆ ಜಾರಬೇಕು. ಬಾಯಿಗಿರುವ ರಬ್ಬರ್ ಸೀಲಿನೊಳಗೆ ಧೂಳು ಹೊಕ್ಕರೆ ತಿಕ್ಕಾಟ ಶುರು, ತಗ್ಗು ಬಂದಾಗ ಪೆಟ್ಟು ನೇರ ಮುಂಗೈಗೆ. ಸ್ವಚ್ಛ ಬಟ್ಟೆಯಿಂದ ಒರೆಸಬೇಕು, ಸೀಲಿನೊಳಗೆ ಅದಕ್ಕೆಂದೇ ಬರುವ ಗ್ರೀಸ್ ಒಂದಿಷ್ಟು ಹಚ್ಚಬೇಕು. ಇಷ್ಟೇ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಹರಿದಿದೆ.

೧. ಗಾಣದ ಎಣ್ಣೆ

ತಿಕೋಟಾದ ಮಾಸ್ತರರ ಸೈಕಲ್ ಬಂತು. ಶಾಕಪ್ ಮಿಸುಕುತ್ತಿಲ್ಲ. ಬಿಚ್ಚಿದರೆ ಎರಿಮಣ್ಣು ಕಲಸಿದ ಹಿಟ್ಟಿನಂತೆ ಕೂತಿದೆ, ಮೇಲೆ ಕಮಟು ವಾಸನೆ.

“ಏನ್ ಹಾಕೀರಿ ಸರ್ ಇದಕ್ಕ?”

“ಕುಸುಬಿ ಎಣ್ಣಿ. ಗಾಣದ್ದು, ಶುದ್ಧ ಐತಿ.”

“ಊರ ಧೂಳೆಲ್ಲ ಅದಕ್ಕ ಹತ್ತೇತ್ರೀ!”

“ಹಂಗಾದ್ರ ಶೇಂಗಾ ಎಣ್ಣಿ ಹಾಕ್ಲೇನು?”

“ಹಾಕ್ರಿ. ಸಾಸಿವಿ, ಕರಿಬೇವು ಹಾಕಿ ಒಗ್ಗರಣಿನೂ ಕೊಡ್ರಿ!” ಎಂದೆ. ಮಾಸ್ತರರು ಅದನ್ನೂ ಯೋಚಿಸತೊಡಗಿದರು.

೨. ತೋಟದ ಪಂಪು

ಹೊನವಾಡದ ದ್ರಾಕ್ಷಿ ತೋಟದ ಯಜಮಾನರಿಗೆ, ಧೂಳು ಕೂಡಿಸಬೇಡಿ ಎಂದು ಹೇಳಿ ಕಳಿಸಿದ್ದೆ. ಎಂಟು ದಿನಕ್ಕೆ ಮತ್ತೆ ಬಂದರು. ಶಾಕಪ್ ಬಿಚ್ಚಿ ಬಗ್ಗಿಸಿದರೆ ನೀಲಿ ನೀರು ಸುರಿಯಿತು.

“ಇದೇನ್ರೀ?”

“ನೀವ ಸ್ವಚ್ಛ ಇಡ್ರಿ ಅಂದ್ರೆಲ್ಲಾ. ಬಳ್ಳಿಗೆ ಔಷಧ ಹೊಡಿಯೋ ಪಂಪ್ ಹಚ್ಚಿ ತೊಳದೇನಿ. ಟಾಕ್ಯಾಗ ಒಂದೀಟು ಮೈಲುತುತ್ತ ಉಳದಿತ್ತು.”

ನಾನು ನಟ್ಟು ಬಿಚ್ಚುವ ಪಾನಾ ನೆಲಕ್ಕೆ ಬಡಿದೆ. ಅವರು ಸಮಾಧಾನ ಹೇಳಿದರು: “ಹೋಗ್ಲಿ ಬಿಡ್ರಿ, ಇನ್ನ ಇದಕ್ಕ ರೋಗ ಅಂತೂ ಬರಂಗಿಲ್ಲ.”

೩. ಅಮಾವಾಸ್ಯೆ

ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಬಬಲೇಶ್ವರದ ಹುಡುಗಿಯೊಬ್ಬಳಿಗೆ ಭಾನುವಾರ ಭೂತನಾಳ ಕೆರೆಯ ಹತ್ತಿರ ಕಲ್ಲುದಾರಿಯ ರೇಸು. ಮೊದಲ ಮೂವರಿಗೆ ಮಾತ್ರ ರಾಜ್ಯ ತಂಡದಲ್ಲಿ ಜಾಗ. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಅದೇ ಕೊನೆಯ ಅವಕಾಶ. ಶನಿವಾರ ಬೇರೆ ಕೆಲಸವೆಲ್ಲ ಬಿಟ್ಟು ಅವಳ ಹಳೆಯ ಶಾಕಪ್ ಬಿಚ್ಚಿ, ತೊಳೆದು, ಗ್ರೀಸ್ ಹಚ್ಚಿದೆ. ಎರಡು ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಇಳಿಯುತ್ತಿತ್ತು. ಅಂಗಡಿಯಲ್ಲಿ ಅವ್ವನನ್ನು ಕೂಡಿಸಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ಹುಡುಗಿ ಸೈಕಲ್ ಒಯ್ದಿದ್ದಳು.

ಮರುದಿನ ರೇಸಿಗೆ ಹತ್ತು ನಿಮಿಷ ಇರುವಾಗ ಹ್ಯಾಂಡಲ್ ಒತ್ತಿ ನೋಡಿದೆ. ಕರ್ರೆಂದು ಅರ್ಧಕ್ಕೇ ನಿಂತಿತು.

“ಯಾರ್ ಮುಟ್ಯಾರ ಇದನ್ನ? ಏನ್ ಹಚ್ಚೀದಿ?” ಎಂದು ಅವಳ ಮೇಲೆಯೇ ಹರಿಹಾಯ್ದೆ.

ಹುಡುಗಿಗೆ ಅಳು ಬಂದಿತ್ತು. “ನಾ ಏನೂ ಹಚ್ಚಿಲ್ರಿ ಕಾಕಾ. ನಿನ್ನಿ ಅಮಾಸಿ ಅಂತ ನಿಮ್ಮ ಅಂಗಡ್ಯಾಗ ಕುಂತಿದ್ದ ಅಜ್ಜಿನs ಪೂಜಿ ಮಾಡಿ ಕೊಟ್ಟಾರ್ರಿ.”

ಬಗ್ಗಿ ನೋಡಿದೆ. ಹೊಳೆಯುವ ಎರಡೂ ಕೊಳವೆಗಳ ಮೇಲೆ ಮೂರು ಮೂರು ಬೆರಳಿನ ವಿಭೂತಿ ಪಟ್ಟೆ, ನಡುವೆ ಕುಂಕುಮ. ಅರ್ಧ ವಿಭೂತಿ ಆಗಲೇ ಸೀಲಿನೊಳಗೆ ಸೇರಿತ್ತು. ಕೈಯಲ್ಲಿ ಬಟ್ಟೆಯಿಲ್ಲ. ಮೈಮೇಲಿನ ಹೊಸ ಬಿಳಿ ಅಂಗಿ ಕಳಚಿ ಒರೆಸಿ, ಸೀಲು ಎತ್ತಿ ಗ್ರೀಸ್ ತುಂಬುವಷ್ಟರಲ್ಲಿ ಸೀಟಿ ಊದಿಯೇಬಿಟ್ಟರು. ಎಲ್ಲರಿಗಿಂತ ಕೊನೆಗೆ ಹೊರಟ ಹುಡುಗಿ ಎರಡನೆಯವಳಾಗಿ ಬಂದಳು. ನಾನು ಬನಿಯನ್ನಿನಲ್ಲೇ ನಿಂತು ಅತ್ತುಬಿಟ್ಟೆ.

ಸಿಟ್ಟು ಮಾತ್ರ ಇಳಿದಿರಲಿಲ್ಲ. ಮನೆಗೆ ಹೋದವನೇ ಕೂಗಿದೆ: “ಯವ್ವಾ, ನಿನ್ನ ವಿಭೂತಿಯಿಂದ ಆ ಹುಡುಗಿ ಸೋಲತಿದ್ಳು! ನಾ ಒರಸಿದ್ದಕ್ಕ ಎರಡನೇ ನಂಬರ್ ಬಂದಾಳ!”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ದುರುಗುಟ್ಟಿ ನೋಡಿದಳು.

“ಒರಸಿದೇನು? ಅದಕ್ಕs ನೋಡು, ಮೊದಲನೇ ನಂಬರ್ ತಪ್ಪೇತಿ.”