ನಾನೂರರ ಉಸಿರು

ಇಷ್ಟಕ್ಕೆಲ್ಲ ಮೂಲ ಗೇಣುದ್ದದ ಒಂದು ಪ್ಲಾಸ್ಟಿಕ್ ಕೊಳವೆ. ಅದರ ಒಂದು ತುದಿಗೆ ಬಾಯಿಟ್ಟು ಊದಿದರೆ ಮೇಲಿರುವ ಕೆಂಪು ಮುಳ್ಳು ಸರ್ರನೆ ಓಡಿ ಯಾವುದೋ ಅಂಕಿಯ ಹತ್ತಿರ ನಿಲ್ಲುತ್ತದೆ. ಊದಿದವನ ಶ್ವಾಸಕೋಶದ ಯೋಗ್ಯತೆ ಅಷ್ಟು ಎಂದು ಲೆಕ್ಕ. ಶುಕ್ರವಾರ ಮಧ್ಯಾಹ್ನ ಶಾಲೆಯ ಬಸ್ ಡ್ರೈವರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಊದಿಸಿದಾಗ, ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರದ ರಾಮಕೃಷ್ಣಪ್ಪನ ಮುಳ್ಳು ಮುನ್ನೂರ ನಲವತ್ತರವರೆಗೆ ಹೋಗಿ, ಏರಿನಲ್ಲಿ ಕಾಲು ಮಡಿಚಿದ ಎತ್ತಿನ ಹಾಗೆ ಅಲ್ಲೇ ಕೂತುಬಿಟ್ಟಿತು.

ಅವನು ಮನೆ ಸೇರುವಷ್ಟರಲ್ಲಿ ಡ್ರೈವರುಗಳ ವಾಟ್ಸಾಪ್ ಗುಂಪಿಗೆ ನೋಟೀಸು ಬಂದಿತ್ತು. ನಾನೂರಕ್ಕಿಂತ ಕಡಿಮೆ ಬಂದವರು ಶನಿವಾರ ಸಂಜೆ ನಾಲ್ಕಕ್ಕೆ ಮತ್ತೊಮ್ಮೆ ಊದತಕ್ಕದ್ದು. ಆಗಲೂ ಕಡಿಮೆ ಬಂದರೆ ಆಡಳಿತ ಮಂಡಳಿ ಸೂಕ್ತ ಕ್ರಮ ಕೈಗೊಳ್ಳುವುದು.

ಸೂಕ್ತ ಕ್ರಮ ಅಂದರೇನೆಂದು ಗುಂಪಿನಲ್ಲಿ ಯಾರೂ ಕೇಳಲಿಲ್ಲ. ಕೇಳುವುದೇನಿದೆ? ಎರಡು ವರ್ಷದ ಹಿಂದೆ ಕಣ್ಣಿನ ಪರೀಕ್ಷೆಯಲ್ಲಿ ಎಡವಿದ ಒಬ್ಬ ಡ್ರೈವರನ ಮೇಲೆ ಇದೇ ಸೂಕ್ತ ಕ್ರಮ ಕೈಗೊಂಡಿದ್ದರು. ಅವನೀಗ ಬಾಗಲೂರಿನ ಒಂದು ಎಟಿಎಂ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ.

ರಾಮಕೃಷ್ಣಪ್ಪನಿಗೆ ಐವತ್ಮೂರು ತುಂಬಿತ್ತು. ಈ ವಯಸ್ಸಿನಲ್ಲಿ ಇದ್ದ ಸ್ಟೀರಿಂಗು ಕೈಬಿಟ್ಟರೆ ಇನ್ನೊಬ್ಬರು ಕೈಗೆ ಕೊಡುವುದಿಲ್ಲ. ಶನಿವಾರ ಬೆಳಗ್ಗೆ ಮನೆ ಮುಂದೆ ಕೂತು, ಹಲ್ಲುಜ್ಜುವುದನ್ನೂ ಮರೆತು, ಬ್ರಶ್ಶನ್ನೇ ನೋಡುತ್ತಿದ್ದ.

"ಅದ್ಯಾಕಿಂಗೆ ಕುಂತಿದ್ದೀರಿ?" ಎಂದಳು ಹೆಂಡತಿ ಕೃಷ್ಣವೇಣಿ, ನೀರು ಚಿಮುಕಿಸುತ್ತ. "ಇನ್ನೂ ಅರವತ್ತು ಬೇಕು ಅಷ್ಟೇ ಅಲ್ವಾ? ಬಿಸಿನೀರು ಕುಡ್ದು ತೆಪ್ಪಗೆ ಮಲ್ಕಳಿ. ಸಂಜೆಗೆ ಬತ್ತದೆ."

ಆ ಮಾತು ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅದನ್ನು ಪಕ್ಕದ ಮನೆಯ ವಸಿಷ್ಠ ಅವರೂ ಕೇಳಿಸಿಕೊಂಡರು.

ವಸಿಷ್ಠ ರಿಟೈರಾದವರು. ಬಡಾವಣೆಯ ಬೆಳಗಿನ ನಡಿಗೆ ಸಂಘಕ್ಕೆ ಅಧ್ಯಕ್ಷರು. ಬಿಪಿ ನೋಡುವುದು, ಆಮ್ಲಜನಕ ನೋಡುವುದು, ಹೆಜ್ಜೆ ಎಣಿಸುವುದು, ಹೀಗೆ ಮನುಷ್ಯನ ಒಳಗಿರುವುದನ್ನು ಹೊರಗೆ ತೋರಿಸುವ ಯಂತ್ರಗಳೆಲ್ಲ ಅವರ ಮನೆಯಲ್ಲಿದ್ದವು. ಊದುವ ಕೊಳವೆಯೂ ಇತ್ತು. ಕಾಂಪೌಂಡಿನ ಮೇಲಿಂದ ತಲೆ ತೂರಿಸಿದರು.

"ರಾಮಕೃಷ್ಣಪ್ಪನವರೇ, ಶ್ವಾಸಕೋಶ ಅಂದ್ರೆ ಏನಂದ್ಕೊಂಡಿದ್ದೀರಿ? ದುಡಿಸ್ಬೇಕು ಕಣ್ರೀ ಅದನ್ನ! ಕೂತ್ರೆ ತುಕ್ಕು ಹಿಡಿಯತ್ತೆ. ಏಳಿ, ಸಂಜೆ ಒಳಗೆ ನಾನೂರೈವತ್ತು ಮಾಡಿಸ್ಲಿಲ್ಲ ಅಂದ್ರೆ ಅಧ್ಯಕ್ಷಗಿರಿ ಬಿಡ್ತೀನಿ."

ಪಾರ್ಕಿಗೆ ಹೊಸ ಟೈಲ್ಸ್ ಹಾಕಲು ಮೂರು ತಿಂಗಳಿಂದ ಬೀಗ ಜಡಿದಿತ್ತು. ಹಾಗಾಗಿ ಸಂಘದ ನಡಿಗೆಯೆಲ್ಲ ವಿದ್ಯಾರಣ್ಯಪುರದ ಬಸ್ಸು ಓಡಾಡುವ ಮುಖ್ಯರಸ್ತೆಯಲ್ಲೇ ನಡೆಯುತ್ತಿತ್ತು. ವಸಿಷ್ಠ ಮುಂದೆ, ರಾಮಕೃಷ್ಣಪ್ಪ ಹಿಂದೆ. ಇವರಿಬ್ಬರ ಮುಂದೆ ಒಂದು ನೀರಿನ ಟ್ಯಾಂಕರು, ಗುಂಡಿಗೊಂದು ಸಲ ಹಿಂಭಾಗದಿಂದ ಕರಿಮೋಡ ಬಿಡುತ್ತ, ಇವರ ವೇಗಕ್ಕೇ ಸರಿಯಾಗಿ ಸಾಗುತ್ತಿತ್ತು.

"ಬಾಯಿ ಬಿಟ್ಟು ಉಸಿರೆಳೀರಿ! ಆಳವಾಗಿ! ಹೊಟ್ಟೆ ತನಕ!" ಎಂದು ವಸಿಷ್ಠ ಕೂಗಿದರು.

"ಸಾ, ಒಗೆ ಐತಲ್ಲ ಸಾ..."

"ಹೊಗೆ ಕಡೆ ಗಮನ ಕೊಡ್ಬೇಡಿ. ಉಸಿರಿನ ಕಡೆ ಕೊಡಿ."

ರಾಮಕೃಷ್ಣಪ್ಪ ಕೊಟ್ಟ. ಒಂದು ಮೈಲಿ ಮುಗಿಯುವಷ್ಟರಲ್ಲಿ ಅವನ ಎದೆ ಕುಲುಮೆಯ ತಿದಿಯ ಹಾಗೆ ಸದ್ದು ಮಾಡುತ್ತಿತ್ತು. ವಸಿಷ್ಠ ಜೇಬಿನಿಂದ ಕೊಳವೆ ತೆಗೆದು ಊದಿಸಿದರು. ಮುನ್ನೂರ ಇಪ್ಪತ್ತು.

"ಕಡಿಮೆ ಆಯ್ತಲ್ಲ ಸಾ!"

ವಸಿಷ್ಠ ಫೋನು ತೆಗೆದು ಗಾಳಿಯ ಆ್ಯಪ್ ನೋಡಿದರು. ರಸ್ತೆಯ ಮೇಲೆ ಕೆಂಪು ಬಣ್ಣ ಬಂದಿತ್ತು. "ಅದಕ್ಕೇ! ಈ ಗಾಳಿ ಸರಿಯಿಲ್ಲ. ಬೇರೆ ಗಾಳಿಗೆ ಹೋಗೋಣ ಬನ್ನಿ," ಎಂದರು, ತರಕಾರಿ ಅಂಗಡಿ ಬದಲಾಯಿಸುವವರ ಹಾಗೆ. "ನೋಡಿ, ಕೆರೆ ಕಡೆ ಹಸಿರು ತೋರಿಸ್ತಿದೆ. ಓಡ್ಕೊಂಡೇ ಹೋಗೋಣ."

ಕೆರೆಯ ಏರಿ ಹತ್ತಿದರೆ ಯಾರೋ ಒಣಗಿದೆಲೆ, ಪ್ಲಾಸ್ಟಿಕ್ಕು, ಹರಿದ ಒಂದು ಹಾಸಿಗೆ ಎಲ್ಲ ಸೇರಿಸಿ ಬೆಂಕಿ ಕೊಟ್ಟಿದ್ದರು. ಬೆಳಗಿನ ಮಂಜಿಗೆ ಹೊಗೆ ಮೇಲೇಳಲಾರದೆ ನಡಿಗೆಯ ದಾರಿಯ ಮೇಲೇ ಕಂಬಳಿ ಹಾಸಿಕೊಂಡು ಮಲಗಿತ್ತು. ಅದರೊಳಗೆ ಮೂವತ್ತು ನಲವತ್ತು ಜನ ಸುತ್ತು ಹಾಕುತ್ತಿದ್ದರು. ಬೆಂಕಿಯ ಹತ್ತಿರ ಬಂದಾಗ ಕರವಸ್ತ್ರ ಮೂಗಿಗೆ, ದಾಟಿದ ಮೇಲೆ ಜೇಬಿಗೆ. ನಿಂತರೆ ಕೈಗಡಿಯಾರದಲ್ಲಿ ಹೆಜ್ಜೆಯ ಲೆಕ್ಕ ನಿಲ್ಲುತ್ತದೆಂದು ಒಬ್ಬರೂ ನಿಲ್ಲುತ್ತಿರಲಿಲ್ಲ.

"ಎಲ್ಡು ಬಿಂದಿಗೆ ನೀರು ಉಯ್ದ್ರೆ ಆರೋಯ್ತದಲ್ಲ ಸಾ, ಕೆರೆ ಇಲ್ಲೇ ಐತೆ," ಎಂದ ರಾಮಕೃಷ್ಣಪ್ಪ.

"ನಾವ್ಯಾಕ್ರೀ ಆರಿಸ್ಬೇಕು? ದಿನಾ ಕಂಪ್ಲೇಂಟ್ ಹಾಕ್ತಿದ್ದೀವಿ, ಫೋಟೋ ಸಮೇತ. ಆರಿಸಿಬಿಟ್ರೆ ನಾಳೆ ಫೋಟೋ ಯಾವುದು ಹಾಕೋದು?" ವಸಿಷ್ಠ ಕೆಮ್ಮುತ್ತಲೇ ಫೋನನ್ನು ಅವನ ಮುಖಕ್ಕೆ ಹಿಡಿದರು. "ನೋಡಿ, ಗಾಳಿ ಉತ್ತಮ ಅಂತ ಇದೆ. ಓಡಿ, ಐದು ಸುತ್ತು!"

ರಾಮಕೃಷ್ಣಪ್ಪನ ಮೂಗು ಒಂದು ಹೇಳಿತು, ಫೋನು ಇನ್ನೊಂದು ಹೇಳಿತು. ಮೂಗು ಓದು ಬರಹ ಕಲಿತದ್ದಲ್ಲ. ಅವನು ಓಡಿದ. ಮೂರನೆಯ ಸುತ್ತಿಗೆ ಕಣ್ಣಲ್ಲಿ ನೀರು, ಐದನೆಯದಕ್ಕೆ ಎದೆಯೊಳಗೆ ಯಾರೋ ರಾಗಿ ಬೀಸುತ್ತಿದ್ದ ಸದ್ದು. ಕೊಳವೆ ಊದಿದ. ಮುನ್ನೂರು.

ಮರಳಿ ಬರುವ ದಾರಿಯಲ್ಲಿ ಜಹೀರ್ ಸಿಕ್ಕಿದ. ಅವನದು ಅದೇ ಬೀದಿಯ ಬೇಕರಿಯ ಮಹಡಿಯ ಮೇಲೆ ಒಂದು ಜಿಮ್ಮು. ವಿಷಯ ಕೇಳಿ ಹಣೆ ಚಚ್ಚಿಕೊಂಡ.

"ಏನ್ ಅಣ್ಣಾ ನೀವು! ರೋಡಲ್ಲಿ ಯಾರಾದ್ರೂ ಎಕ್ಸರ್‌ಸೈಸ್ ಮಾಡ್ತಾರಾ? ಗಾಳಿ ಎಲ್ಲಾ ಖರಾಬ್ ಆಗೋಗಿದೆ. ನಮ್ಮಲ್ಲಿ ಬನ್ನಿ, ಕಿಟಕಿ ಬಂದ್, ಬಾಗಿಲು ಬಂದ್, ಒಂದು ಧೂಳೂ ಒಳಗೆ ಬರಲ್ಲ."

"ಇದನ್ನೇ ನಾನೂ ಹೇಳೋಣ ಅಂತಿದ್ದೆ," ಎಂದರು ವಸಿಷ್ಠ.

ಟ್ರೆಡ್‌ಮಿಲ್ಲಿನ ಮೇಲೆ ರಾಮಕೃಷ್ಣಪ್ಪ ಮೊದಲು ಹಗುರವಾಗಿಯೇ ನಡೆದ. ಎಷ್ಟು ನಡೆದರೂ ಊರು ಬಾರದ ದಾರಿ ಅದು. ಹತ್ತು ನಿಮಿಷಕ್ಕೆ ಕರೆಂಟು ಹೋಯಿತು. ಪಟ್ಟಿ ಗಕ್ಕನೆ ನಿಂತದ್ದಕ್ಕೆ ಅವನು ಕಂಬಕ್ಕೆ ಕಟ್ಟಿದ ಹೋರಿಯ ಹಾಗೆ ಮುಂದಿನ ಹಿಡಿಯನ್ನು ತಬ್ಬಿಕೊಂಡ. ಕೆಳಗಿನ ಬೇಕರಿಯವರು ಜನರೇಟರು ಹಾಕಿದರು. ಅದರ ಹೊಗೆ ಕೊಳವೆ ನೆಟ್ಟಗೆ ಜಿಮ್ಮಿನ ಮೆಟ್ಟಿಲಿಗೆ ತಿರುಗಿತ್ತು. ಬಾಗಿಲು ಮುಚ್ಚಿದ್ದರಿಂದ, ಸಂದಿಯಲ್ಲಿ ಬಂದ ಹೊಗೆ ಹೊರಗೆ ಹೋಗಲು ದಾರಿ ಕಾಣದೆ ಒಳಗೇ ವ್ಯಾಯಾಮ ಮಾಡತೊಡಗಿತು. ಜಿಮ್ಮಿಗೂ ಅದೇ ಜನರೇಟರಿನಿಂದ ವೈರು ಎಳೆದಿತ್ತು. ಟ್ರೆಡ್‌ಮಿಲ್ಲು ಮತ್ತೆ ಶುರುವಾಯಿತು.

"ನಿಲ್ಸಪ್ಪಾ ಜಹೀರೂ!"

"ನಿಲ್ಬೇಡಿ ಅಣ್ಣಾ, ಈಗ ತಾನೇ ಬಾಡಿ ಗರಂ ಆಗ್ತಿದೆ!"

ಅಲ್ಲಿಂದ ಇಳಿದು ಊದಿದಾಗ ಇನ್ನೂರ ಎಪ್ಪತ್ತು. ವಸಿಷ್ಠ ಕೊಳವೆಯನ್ನು ಎರಡು ಸಲ ಕೊಡವಿ ನೋಡಿದರು. "ಮೆಶಿನ್ನೇ ಕೆಟ್ಟಿರ್ಬೇಕು," ಎಂದರು.

ಮಧ್ಯಾಹ್ನ ಊಟಕ್ಕೆ ಕೂತರೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಕೃಷ್ಣವೇಣಿ ಸಾರು ಬಡಿಸುತ್ತ, "ಬೆಳಗ್ಗೆ ಅರವತ್ತು ಕಮ್ಮಿ ಇತ್ತು. ದುಡ್ದು ದುಡ್ದು ನೂರ ಮೂವತ್ತು ಮಾಡ್ಕಂಡ್ ಬಂದ್ರಿ. ಇನ್ನೊಂದ್ ಗಂಟೆ ಆ ವಸಿಷ್ಠಪ್ಪನ ಕೈಗೆ ಸಿಕ್ಕಿದ್ರೆ ನಾನೇ ಊದ್ಬೇಕಾಗಿತ್ತು," ಎಂದಳು. ಅವಳ ದನಿಯಲ್ಲಿ ಅಣಕವಿದ್ದರೂ ಕಣ್ಣು ಒದ್ದೆಯಾಗಿತ್ತು.

ನಾಲ್ಕಕ್ಕೆ ಶಾಲೆಯ ಚಿಕಿತ್ಸಾ ಕೋಣೆಯ ಮುಂದೆ ಇಬ್ಬರೇ ಇದ್ದರು. ಇನ್ನೊಬ್ಬ ಹೇಮಂತ, ಮೂವತ್ತರ ಹುಡುಗ. ಅವನು ಮೊದಲು ಒಳಗೆ ಹೋಗಿ, ಮೂರು ಸಲ ಊದಿ, ಜೋಲುಮುಖ ಹೊತ್ತು ಹೊರಗೆ ಬಂದ. "ಮುನ್ನೂರ ಹತ್ತೇ ಅಣ್ಣಾ. ಮುಗೀತು ನನ್ ಕತೆ. ಆಫೀಸಿಗೆ ಹೋಗು ಅಂದ್ರು," ಎಂದು ಕಾಲೆಳೆಯುತ್ತ ಹೋದ. ರಾಮಕೃಷ್ಣಪ್ಪನಿಗೆ ಕಣ್ಣ ಮುಂದೆ ಎಟಿಎಂನ ಕುರ್ಚಿಯೇ ಬಂದು ನಿಂತಿತು.

ನರ್ಸು ಮುಸರ್ರತ್ ಅವನ ಕೆಂಪುಗಣ್ಣು ನೋಡಿ, "ಏನ್ ಮಾಡ್ಕೊಂಡ್ರಿ ಅಂಕಲ್?" ಎಂದಳು. ಅವನು ಟ್ಯಾಂಕರಿನಿಂದ ಹಿಡಿದು ಜನರೇಟರಿನ ತನಕ ಎಲ್ಲ ಹೇಳಿದ. ಅವಳು ತಲೆ ಮೇಲೆ ಕೈಹೊತ್ತಳು.

"ಅಯ್ಯೋ, ಸುಮ್ನೆ ಕೂತಾಗ ಮೂಗಲ್ಲಿ ಉಸಿರಾಡ್ತೀರಿ, ಅದು ಧೂಳನ್ನ ಒಂದಿಷ್ಟು ತಡೆಯತ್ತೆ. ಓಡುವಾಗ ಬಾಯಲ್ಲಿ ಎಳೀತೀರಿ. ಅಲ್ಲಿ ತಡೆಯೋದೇನಿದೆ? ಅದೂ ಹತ್ತು ಪಟ್ಟು ಗಾಳಿ, ಶ್ವಾಸಕೋಶದ ತಳದ ತನಕ. ಹೊಗೇಲಿ ಕೂತವನಿಗಿಂತ ಓಡಿದವನಿಗೆ ಜಾಸ್ತಿ ಏಟು."

ರಾಮಕೃಷ್ಣಪ್ಪ ಅದನ್ನು ತನ್ನ ಲೆಕ್ಕಕ್ಕೆ ಇಳಿಸಿಕೊಂಡ. ಪಾವು ಹೊಗೆ ಕುಡಿಯಬೇಕಾದ ಕಡೆ ಕೊಳಗ ಕುಡಿದಿದ್ದ, ಅದೂ ಜರಡಿ ಹಿಡಿಯದೆ.

"ಊದಿ, ನೋಡೋಣ."

ಅವನು ಕೆನ್ನೆ ಉಬ್ಬಿಸಿ, ಉಸಿರನ್ನು ಸಣ್ಣಗೆ, ಉದ್ದಕ್ಕೆ, ಮುಗಿಯದಂತೆ ಬಿಟ್ಟ. ಮುಳ್ಳು ಇನ್ನೂರ ಎಂಬತ್ತಕ್ಕೆ ನಿಂತಿತು. ಮುಸರ್ರತ್ ಕಣ್ಣು ಕಿರಿದು ಮಾಡಿದಳು.

"ಅಂಕಲ್, ಹೀಗೆ ಊದೋದು ಎಲ್ಲಿ ಕಲಿತ್ರಿ?"

"ಎಲ್ಲಿ ಅಂದ್ರೆ... ಚಿಕ್ಕಂದಿನಿಂದ ನಮ್ಮವ್ವನ ಸೌದೆ ಒಲೆ ನಾನೇ ಊದ್ತಿದ್ದಿದ್ದು. ಜೋರಾಗಿ ಊದಿದ್ರೆ ಬೂದಿ ಮೊಕಕ್ಕೆ ಆರ್ತದೆ ಅಂತ ಬೈತಿದ್ಳು."

ಮುಸರ್ರತ್ ನಕ್ಕು ನಕ್ಕು ಮೇಜಿಗೆ ಒರಗಿದಳು. "ಇಲ್ಲಿ ಬೂದಿ ಇಲ್ಲ ಅಂಕಲ್! ಯಾರದೋ ಕಣ್ಣಿಗೆ ಹೊಟ್ಟು ಬಿದ್ದಾಗ ಪಟ್ ಅಂತ ಊದಿ ಹಾರಿಸ್ತೀವಲ್ಲ, ಹಾಗೆ. ಒಂದೇ ಏಟಿಗೆ."

ರಾಮಕೃಷ್ಣಪ್ಪ ಎದೆ ತುಂಬಾ ಎಳೆದುಕೊಂಡು ಪಟ್ ಎಂದು ಊದಿದ. ಮುನ್ನೂರ ತೊಂಬತ್ತು! ಮೂರನೆಯ ಸಲ, ಇಡೀ ಸಿಂಗಾಪುರದ ಕಣ್ಣಿಗೆ ಬಿದ್ದ ಹೊಟ್ಟು ಹಾರಿಸುವವನ ಹಾಗೆ ಊದಿದ. ನಾನೂರ ಮೂವತ್ತು!

ಮುಸರ್ರತ್ ಅಂಕಿಯನ್ನು ಕಂಪ್ಯೂಟರಿಗೆ ಹಾಕಿದಳು. ರಾಮಕೃಷ್ಣಪ್ಪ ಅಲ್ಲಿಂದಲೇ ಹೆಂಡತಿಗೆ ಫೋನು ಮಾಡಿ, "ಕೃಷ್ಣವೇಣೀ, ಉಳೀತು ಕಣೇ ಕೆಲ್ಸ!" ಎಂದ.

ಅಷ್ಟರಲ್ಲಿ ಹೇಮಂತ ಓಡಿ ಬಂದ. ಮುಖ ದೀಪ ಹಚ್ಚಿದಂತಿತ್ತು, ಕೈಯಲ್ಲಿ ಹೊಸ ಕೀಲಿ. "ಅಣ್ಣೋ! ಹೊಸಾ ಎಲೆಕ್ಟ್ರಿಕ್ ಬಸ್ಸು ಅಣ್ಣಾ! ಎಸಿ, ಕಿಟಕಿ ಎಲ್ಲಾ ಬಿಗಿ, ಒಳಗೆ ಗಾಳಿ ಸೋಸೋ ಮೆಶಿನ್ನು. ಸುಮ್ನೆ ಹಾಡು ಕೇಳ್ಕೊಂಡು ಬಾಗಲೂರು ಕಡೆ ಹೋಗಿ ಬರೋದು!"

ರಾಮಕೃಷ್ಣಪ್ಪ ಮುಸರ್ರತ್ ಕಡೆ ತಿರುಗಿದ. "ಇವ್ನು ಫೇಲಾಗಿದ್ನಲ್ಲ ಮೇಡಂ?"

"ಹೂಂ, ಅದೇ ಸೂಕ್ತ ಕ್ರಮ. ಶ್ವಾಸಕೋಶ ವೀಕ್ ಇರೋ ಡ್ರೈವರ್‌ಗಳನ್ನ ಹೊಗೆಯಿಂದ ಕಾಪಾಡ್ಬೇಕು ಅಂತ ಮ್ಯಾನೇಜ್‌ಮೆಂಟ್ ತೀರ್ಮಾನ."

"ಮತ್ತೆ ನನ್ಗೆ?"

ಅವಳು ಪರದೆ ನೋಡಿದಳು. "ನಿಮ್ಗೆ ಹೆಬ್ಬಾಳದ ರೂಟು ಬಂದಿದೆ. ಆ ಹಳೇ ಡೀಸೆಲ್ ಬಸ್ಸು, ಎಡಗಡೆ ಗಾಜಿಲ್ವಲ್ಲ, ಅದು. ಫ್ಲೈಓವರ್ ಹತ್ರ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಿಂತಿರ್ಬೇಕಾಗತ್ತೆ. ಅಲ್ಲಿಗೆ ನಾನೂರು ದಾಟಿದ ಗಟ್ಟಿ ಆಳೇ ಬೇಕು ಅಂದ್ರು. ಇಡೀ ಶಾಲೇಲಿ ಎಲ್ಲರಿಗಿಂತ ಜಾಸ್ತಿ ನಿಮ್ಮದೇ, ನಾನೂರ ಮೂವತ್ತು."

ರಾಮಕೃಷ್ಣಪ್ಪ ಮೇಜಿನ ಮೇಲಿದ್ದ ಕೊಳವೆಗೆ ಮೆಲ್ಲಗೆ ಕೈ ಹಾಕಿದ.

"ಮೇಡಂ, ಇನ್ನೊಂದೇ ಒಂದ್ ಕಿತ ಊದ್ಲಾ?"

"ಮೂರು ಸಲ ಮುಗೀತಲ್ಲ ಅಂಕಲ್, ಇನ್ನು ಮುಂದಿನ ವರ್ಷಾನೇ," ಎಂದು ಮುಸರ್ರತ್ ಕೊಳವೆಯನ್ನು ತೊಳೆಯಲು ಎತ್ತಿಕೊಂಡಳು. "ಯೋಚನೆ ಮಾಡ್ಬೇಡಿ. ಆ ರೂಟಲ್ಲಿ ಒಂದು ವರ್ಷ ಓಡಿಸಿ ಸಾಕು, ತಾನಾಗೇ ಇಳಿದಿರತ್ತೆ."