ಬಾಜೂ ಮನಿ ಏಸಿ ಮತ್ತು ಪ್ಯಾರಿಸ್ ಒಪ್ಪಂದ

ಅಂತಾರಾಷ್ಟ್ರೀಯ ಕಾನೂನಿನ ಬಗ್ಗೆ ತೆಲುಗು ಸೀಮಿಯ ಈ ಮಲ್ಕಾಜ್‌ಗಿರಿಯೊಳಗ ಯಾರಿಗಾದ್ರೂ ಸಂಶಯ ಇದ್ರ ನನ್ನ ಕಡೆ ಬರ್ರಿ. ನಾನು ರೈಲ್ವೇ ಗುಮಾಸ್ತ ಆಗಿ ರಿಟೈರ್ ಆದಾಂವ ಖರೆ, ಆದ್ರ ಪ್ಯಾರಿಸ್ ಹವಾಮಾನ ಒಪ್ಪಂದಾನ ಗೆರೆ ಎಳೆದು ಎಳೆದು ಓದೀನಿ!

ಓದಾಕ ಕಾರಣ ಬಾಜೂ ಮನಿ ರಾವ್ ಅವರ ಏಸಿ. ಅದರ ಹೊರಗಿನ ಡಬ್ಬಿ ಬಿಸಿಗಾಳಿನೆಲ್ಲಾ ನೇರ ನಮ್ಮ ಅಡಿಗಿಮನಿ ಕಿಟಕಿಗೆ ಊದತಿತ್ತು. ಮೇ ತಿಂಗಳು. ಒಳಗ ರೊಟ್ಟಿ ಹಂಚು, ಹೊರಗ ಆ ಡಬ್ಬಿ, ನಡುವ ನನ್ನ ಹೆಂಡತಿ ಶಾಂತಾ.

"ರೀ, ಹೋಗಿ ಒಂದ್ ಮಾತು ಹೇಳಿ ಬರ್ರಿ. ಡಬ್ಬಿ ತುಸು ತಿರುಗಿಸಿದ್ರ ಸಾಕು. ಇಲ್ಲಾಂದ್ರ ರೊಟ್ಟಿ ಜೋಡಿ ನಾನೂ ಬೇಯ್ತೀನಿ."

"ಛೇ, ಅದು ಭಿಕ್ಷಾ ಬೇಡಿದಂಗ ಆಕ್ಕೈತಿ. ಕಾನೂನು ಪ್ರಕಾರ ಹೋಗೂಣು!"

ಅಪಾರ್ಟ್‌ಮೆಂಟ್ ಮೀಟಿಂಗಿನ್ಯಾಗ ಎದ್ದು ನಿಂತೆ. ಭೂಮಿ ಬಿಸಿ ಆಗಾಕತ್ತೈತಿ, ಭಾರತ ಸಹಿ ಹಾಕೈತಿ, ಆದಕಾರಣ ರಾವ್ ಅವರು ಡಬ್ಬಿ ತಿರುಗಿಸತಕ್ಕದ್ದು!

ರಾವ್ ವಕೀಲರು. ಅದನ್ನ ನಾನು ಮರೆತಿದ್ದೆ. "ಆ ಒಪ್ಪಂದ ದೇಶಗಳಿಗೆ ಸಾರ್, ಫ್ಲ್ಯಾಟಿಗೆ ಅಲ್ಲ," ಅಂತ ತೆಲುಗಿನ್ಯಾಗ ನಕ್ಕರು.

ನಾನು ಬಿಡ್ತೀನೇನು? "ಹಂಗಾದ್ರ ಇವತ್ತಿಂದ ಒಂದೊಂದು ಫ್ಲ್ಯಾಟೂ ಒಂದೊಂದು ದೇಶ! ಪ್ಯಾರಿಸ್ ಒಪ್ಪಂದದಾಗ ದೇಶಗಳು ತಮ್ಮ ಗುರಿ ತಾವ ಹೇಳ್ಯಾವು. ನಾವೂ ಹೇಳೂಣು!" ಚಪ್ಪಾಳಿ ಬಿತ್ತು. ಚಪ್ಪಾಳಿ ಬಿದ್ರ ನನ್ನ ಬಾಯಿಗೆ ಹಿಡಿತ ಇರೂದಿಲ್ಲ. "ಈ ಬ್ಯಾಸಗಿ ನಮ್ಮನ್ಯಾಗ ಏಸಿ ಹಚ್ಚಂಗಿಲ್ಲ!" ಅಂತ ಘೋಷಿಸಿ ಮೀಟಿಂಗ್ ವಹಿಯೊಳಗ ಸಹಿ ಜಡಿದೆ. ರಾವ್ ಭಾಳ ವಿಚಾರ ಮಾಡಿ, ಹಗಲೊತ್ತು ಮೆಟ್ಟಿಲ ದೀಪ ಆರಸ್ತೀನಿ ಅಂದ್ರು. ತಮ್ಮ ಗುರಿ ತಾವ ಹೇಳೂದು ಅಂದಮ್ಯಾಲ ಕಾನೂನಿನ್ಯಾಗ ತಪ್ಪಿಲ್ಲ! ಡಬ್ಬಿ ಮಾತ್ರ ಇದ್ದಲ್ಲೇ ಇತ್ತು.

ಮನಿಗೆ ಬಂದು ಸುದ್ದಿ ಹೇಳಿದೆ. ಶಾಂತಾ ಲಟ್ಟಣಿಗಿ ಕೆಳಗಿಟ್ಟಳು.

"ಏಸಿ ಬಂದ್? ನನ್ನ ಕೇಳಿದ್ರೇನು?"

"ಸಹಿ ಆಗಿಬಿಟ್ಟೈತಲ್ಲ ಮಾರಾಯ್ತಿ..."

"ಬರೇ ಸಹಿ ಸಾಲಂಗಿಲ್ಲ, ದೇಶದೊಳಗ ಮಂಜೂರಿ ಆದಮ್ಯಾಲ ಜಾರಿ ಅಂತ ಮೊನ್ನೆ ನೀವ ಪಾಠ ಹೇಳಿದ್ರಿ. ಈ ಮನ್ಯಾಗ ಮಂಜೂರಿ ಕೊಡಾಕಿ ನಾನು. ಕೊಟ್ಟಿಲ್ಲ. ಸಹಿ ನಿಮ್ಮದು, ಒಪ್ಪಂದ ನಿಮಗಷ್ಟ!"

ಒಪ್ಪಂದದ ಪ್ರತಿ ತೆಗೆದು ನೋಡಿದೆ. ನಾನ ಗೆರೆ ಎಳೆದ ಸಾಲು ಆಕಿ ಕಡೆ ಇತ್ತು. ಕಲಿಸಿದಾಂವ ನಾನ!

ಮರುದಿನ ಮಧ್ಯಾಹ್ನ ರಾವ್ ಏಸಿ ಹಚ್ಚಿ ಮಲಗಿದ್ದಾಗ ಶಾಂತಾ ಅವರ ಹೆಂಡತಿನ ರೊಟ್ಟಿ ಊಟಕ್ಕ ಕರೆದಳು. ಅಡಿಗಿಮನ್ಯಾಗ, ಆ ಕಿಟಕಿ ಕೆಳಗ ಮಣೆ ಹಾಕಿ ಕೂಡಿಸಿದಳು. ಎರಡನೇ ರೊಟ್ಟಿಗೆ ಅವರು ಸೆರಗಿನಿಂದ ಮಾರಿ ಒರಸಿಕೊಂಡು, "ಅಮ್ಮೋ! ಈ ಝಳ ಎಲ್ಲಿಂದ ಅಕ್ಕಾ?" ಅಂದ್ರು.

"ನಿಮ್ಮ ಮನಿಯಿಂದ್ರೀ. ಇನ್ನೊಂದು ರೊಟ್ಟಿ ಹಾಕ್ಲ್ಯಾ?"

ಸಂಜಿಗೆ ಮೆಕ್ಯಾನಿಕ್ ಬಂದ. ಡಬ್ಬಿ ತಿರುಗಿತು!

ಗೆದ್ವಿ! ಅಡಿಗಿಮನಿ ತಂಪಾತು, ಶಾಂತಾ ಹಾಡು ಗುನುಗುತ್ತ ರೊಟ್ಟಿ ಬಡಿಯಾಕತ್ತಳು. ನಾನಂತೂ ಇದು ಪ್ಯಾರಿಸ್ ಒಪ್ಪಂದದ ಜಯ ಅಂತ ಇಡೀ ಅಪಾರ್ಟ್‌ಮೆಂಟಿಗೆ ಪೇಢೆ ಹಂಚಿದೆ.

ಈಗ ದಿನಾ ಮಧ್ಯಾಹ್ನ ಶಾಂತಾ ಒಳಗ ಏಸಿ ಹಚ್ಚಿ ಮಲಗತಾಳ. ಸಹಿ ಹಾಕಿದ ದೇಶ ನಾನು, ಬಾಲ್ಕನ್ಯಾಗ ಖುರ್ಚಿ ಹಾಕ್ಕೊಂಡು ಕೂಡತೀನಿ. ಮತ್ತ ರಾವ್ ಅವರ ಡಬ್ಬಿ? ಅದನ್ನ ನಮ್ಮ ಬಾಲ್ಕನಿ ಕಡೆನ ತಿರುಗಿಸ್ಯಾರ್ರಿ!